ಕಾಲೇಜು ಬದಲಿಸಿ, ಕುಲ ಬದಲಿಸಿ

ಅಮೆರಿಕದಲ್ಲಿ ಜಾತಿ ಇಲ್ಲ ಎನ್ನುವವರು ಅಲ್ಲಿನ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳ ಕಡೆ ಒಮ್ಮೆ ತಲೆ ಹಾಕಿ ಬರಲಿ. ಅಲ್ಲಿ ಕಾಲೇಜುಗಳಿಗೆ ಮೂರು ವರ್ಣ: ಟಾರ್ಗೆಟ್, ಸೆಮಿ-ಟಾರ್ಗೆಟ್, ನಾನ್-ಟಾರ್ಗೆಟ್. ಹಾರ್ವರ್ಡ್, ವಾರ್ಟನ್‌ಗಳದ್ದು ಮೊದಲ ಪಂಕ್ತಿ. ಬ್ಯಾಂಕಿನವರೇ ಕ್ಯಾಂಪಸ್ಸಿಗೆ ಬಂದು, ಉಪಚರಿಸಿ, ಹುಡುಗರನ್ನು ಆರಿಸಿಕೊಂಡು ಹೋಗುತ್ತಾರೆ. ಮಿಕ್ಕಿದ್ದು ಎರಡನೇ ಪಂಕ್ತಿಗೆ. ಮೂರನೆಯವರು ರೆಸ್ಯೂಮೆ ಹಿಡಿದು ಹಿತ್ತಿಲಲ್ಲಿ ನಿಲ್ಲಬೇಕು. ಒಂದೇ ಸಮಾಧಾನವೆಂದರೆ, ಈ ಕುಲವನ್ನು ನಡುದಾರಿಯಲ್ಲಿ ಬದಲಿಸಿಕೊಳ್ಳಬಹುದು. ಟ್ರಾನ್ಸ್‌ಫರ್ ಎಂಬ ದೀಕ್ಷೆ ಪಡೆದರಾಯಿತು.

ಹೀಗಾಗಿ ಯಾವುದೋ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ ಹುಡುಗನಿಗೆ ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಜ್ಞಾನೋದಯವಾಗುತ್ತದೆ. ಇಲ್ಲಿಂದ ಎಲ್ಲಿಗೆ? ಪಾಠ ಯಾರು ಮಾಡುತ್ತಾರೆ, ಲೈಬ್ರರಿ ಹೇಗಿದೆ ಎಂಬುದೆಲ್ಲ ಕೆಲಸಕ್ಕೆ ಬಾರದ ವಿಚಾರಣೆ. ಗೋಲ್ಡ್‌ಮನ್ ಸ್ಯಾಕ್ಸ್ ಬರುತ್ತಾ, ಅಷ್ಟು ಹೇಳಿ. ಕಾರ್ನೆಲ್ ಹೊರಗಿನವರನ್ನು ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಿಕೊಳ್ಳುತ್ತದೆ, ಪರವಾಗಿಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಯ ಸ್ಟರ್ನ್ ಇರುವುದು ಮ್ಯಾನ್‌ಹಟನ್‌ನಲ್ಲೇ, ಸಬ್‌ವೇ ಹತ್ತಿದರೆ ಬ್ಯಾಂಕು. ಪ್ರಿನ್ಸ್‌ಟನ್ 1990ರಲ್ಲಿ ಈ ಬಾಗಿಲು ಮುಚ್ಚಿ 2018ರಲ್ಲಿ ತೆರೆಯಿತು. ಆ ವರ್ಷ ಒಳಗೆ ಬಿಟ್ಟದ್ದು 13 ಮಂದಿಯನ್ನು.

ಅರ್ಜಿಯ ಜೊತೆ ಪ್ರಬಂಧ ಬರೆಯಬೇಕು: ನಮ್ಮಲ್ಲಿಗೇ ಏಕೆ ಬರಬೇಕೆಂದಿದ್ದೀರಿ? ಹದಿನೆಂಟರ ಹುಡುಗ ಆ ಊರಿನ ಪ್ರೊಫೆಸರೊಬ್ಬರ ಹೆಸರು ಹುಡುಕಿ, ಅವರ ಸೆಮಿನಾರಿನಲ್ಲಿ ಕೂರದೆ ತನ್ನ ಬೌದ್ಧಿಕ ಹಸಿವು ಇಂಗದು ಎಂದು ಬರೆಯುತ್ತಾನೆ. ಸೀಟು ಸಿಕ್ಕ ಮೇಲೆ ಆ ಸೆಮಿನಾರಿನ ಹೊತ್ತಿಗೆ ಬ್ಯಾಂಕಿನವರ ಜೊತೆ ಕಾಫಿ ಕುಡಿಯುತ್ತಿರುತ್ತಾನೆ. ಪ್ರೊಫೆಸರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಂಥ ಪ್ರಬಂಧ ಅವರಿಗೆ ಹೊಸದಲ್ಲ.

ಇಷ್ಟೆಲ್ಲ ಮಾಡಿ ತಲುಪುವ ಇಂಟರ್‌ವ್ಯೂನಲ್ಲಿ ಕೇಳುವುದೇನು? ಡಿಪ್ರಿಸಿಯೇಷನ್ 10 ಡಾಲರ್ ಏರಿದರೆ ಏನಾಗುತ್ತದೆ? ತೆರಿಗೆ ಶೇ. 40 ಅಂದುಕೊಂಡರೆ ನಿವ್ವಳ ಲಾಭ 6 ಡಾಲರ್ ಇಳಿಯುತ್ತದೆ, ಕೈಯಲ್ಲಿರುವ ನಗದು 4 ಡಾಲರ್ ಏರುತ್ತದೆ. ನಮ್ಮ ಬಿ.ಕಾಂ. ಹುಡುಗಿಯರು ಬಸ್ಸಿನಲ್ಲಿ ನಿಂತೇ ಹೇಳುವ ಲೆಕ್ಕ ಇದು. ಉತ್ತರ ಎಲ್ಲ ಕಾಲೇಜಿನಲ್ಲೂ ಒಂದೇ. ಅದನ್ನು ಹೇಳಲು ಕರೆ ಬರುವುದು ಮಾತ್ರ ಕೆಲವು ಕಾಲೇಜಿಗೆ.

ನಮ್ಮ ಕಡೆಯಿಂದ ಎಫ್-1 ವೀಸಾದಲ್ಲಿ ಹೋದವರಿಗೆ ಇನ್ನೊಂದು ಪುರಾಣ. ಡಿಗ್ರಿ ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಒಂದು ವರ್ಷ ಅನುಮತಿ. ಓದಿದ್ದು ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಬರೀ ಅರ್ಥಶಾಸ್ತ್ರ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಎಷ್ಟೋ ಯೂನಿವರ್ಸಿಟಿಗಳು ತಮ್ಮ ಎಕನಾಮಿಕ್ಸನ್ನು ‘ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್’ ಎಂಬ ಕೋಡಿಗೆ ದಾಟಿಸಿದವು. ಮೇಷ್ಟ್ರು ಹೆಚ್ಚುಕಮ್ಮಿ ಅವರೇ, ಪಾಠವೂ ಅದೇ, ಕೋಡ್ ಮಾತ್ರ ವಿಜ್ಞಾನಿ. ಕಾಲೇಜು ಆರಿಸುವಾಗ ಸಿಲಬಸ್ಸಿಗಿಂತ ಮೊದಲು ಕೋಡ್ ನೋಡುವ ಪೀಳಿಗೆ ತಯಾರಾಗಿದೆ.

ಅಸಲಿ ತಮಾಷೆ ಇರುವುದು ತಾರೀಖಿನಲ್ಲಿ. ಬ್ಯಾಂಕಿನ ನೌಕರಿಗೆ ಹೆಬ್ಬಾಗಿಲು ಮೂರನೇ ವರ್ಷ ಮುಗಿದ ಬೇಸಿಗೆಯ ಇಂಟರ್ನ್‌ಶಿಪ್. ಬ್ಯಾಂಕುಗಳು ಒಂದನ್ನೊಂದು ಮೀರಿಸುವ ಆತುರದಲ್ಲಿ ಅದರ ಆಯ್ಕೆಯನ್ನು ಹಿಂದಕ್ಕೆ ಎಳೆದೂ ಎಳೆದೂ ಎರಡನೇ ವರ್ಷಕ್ಕೇ ತಂದು ನಿಲ್ಲಿಸಿವೆ. ಇತ್ತ ಟ್ರಾನ್ಸ್‌ಫರ್ ಅರ್ಜಿಗೆ ಗಡುವು ಸಾಮಾನ್ಯವಾಗಿ ಮಾರ್ಚ್ ಆಸುಪಾಸು, ಉತ್ತರ ಬೇಸಿಗೆ ಹೊತ್ತಿಗೆ, ತರಗತಿ ಆಗಸ್ಟಿನ ನಂತರ. ಕಮ್ಯೂನಿಟಿ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಓದಿ ಬರ್ಕ್ಲಿಗೆ ಬಂದ ಬಡ ಹುಡುಗ ಹಾಸ್ಟೆಲಿನಲ್ಲಿ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಸೀಟುಗಳಲ್ಲಿ ಹೆಚ್ಚಿನವು ಹಂಚಿಹೋಗಿರುತ್ತವೆ. ಕುಲ ಸಿಕ್ಕಿತು, ಊಟ ಮುಗಿದಿತ್ತು.

ಸಿಕ್ಕವರಿಗೆ ಸಿಗುವುದೇನು? 2021ರಲ್ಲಿ ಗೋಲ್ಡ್‌ಮನ್‌ನ 13 ಮಂದಿ ಹೊಸಬರು ತಾವೇ ಲೆಕ್ಕ ಹಾಕಿ ವಾರಕ್ಕೆ ಸರಾಸರಿ 95 ಗಂಟೆ ದುಡಿಯುತ್ತಿದ್ದೇವೆ ಎಂದು ಗೋಳಾಡಿದರು. ಆ ವರ್ಷವೇ ಅಲ್ಲಿ ಹೊಸಬರ ಮೂಲ ಸಂಬಳ 1,10,000 ಡಾಲರ್ ಆಯಿತು. ಅದೇ ದುಡಿಮೆಗೆ ಭಾಗಿಸಿದರೆ, ಬೋನಸ್ ಬಿಟ್ಟು, ಗಂಟೆಗೆ 22 ಡಾಲರ್ ಚಿಲ್ಲರೆ. ಕ್ಯಾಲಿಫೋರ್ನಿಯಾದ ದೊಡ್ಡ ಫಾಸ್ಟ್‌ಫುಡ್ ಸರಪಳಿಗಳಲ್ಲಿ ಬರ್ಗರ್ ಕಟ್ಟುವವನಿಗೆ 2024ರಿಂದ ಕಾನೂನೇ 20 ಡಾಲರ್ ಕೊಡಿಸುತ್ತಿದೆ. ಅವನಿಗೆ ಪ್ರಬಂಧ ಬರೆಯುವ ಕಷ್ಟವೂ ಇಲ್ಲ.

ಇನ್ನು ದೊಡ್ಡವರ ಜಾತಕ ನೋಡಿ. ಗೋಲ್ಡ್‌ಮನ್‌ನ ಮುಖ್ಯಸ್ಥ ಡೇವಿಡ್ ಸೊಲೊಮನ್ ಓದಿದ್ದು ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಎಂಬ ಸಣ್ಣ ಕಾಲೇಜಿನಲ್ಲಿ, ಅದೂ ರಾಜ್ಯಶಾಸ್ತ್ರ. ವಾರನ್ ಬಫೆಟ್ಟರೂ ಟ್ರಾನ್ಸ್‌ಫರ್ ಆದವರೇ. ಆದರೆ ಅವರು ವಾರ್ಟನ್ ಬಿಟ್ಟು ನೆಬ್ರಾಸ್ಕಾದ ಸರ್ಕಾರಿ ಯೂನಿವರ್ಸಿಟಿಗೆ ಹೋದರು. ಈಗಿನ ಹುಡುಗನೊಬ್ಬ ಹಾಗೆ ಮಾಡಿದರೆ ಮನೆಯವರು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ.

ಆದ್ದರಿಂದ ಕಾಲೇಜು ಬದಲಿಸಲು ಹೊರಟಿರುವ ಮಕ್ಕಳೇ, ಬ್ಯಾಂಕೇ ಬೇಕೆಂದಿದ್ದರೆ ಮೊದಲ ವರ್ಷ ಮುಗಿದೊಡನೆ ಹೊರಡಿ. ಎರಡನೇ ವರ್ಷದ ನಂತರದ ಟ್ರಾನ್ಸ್‌ಫರ್‌ನಿಂದ ಖಚಿತ ಲಾಭ ಯೂನಿವರ್ಸಿಟಿಯ ಫೀಸು ಕೌಂಟರಿಗೆ ಮಾತ್ರ. ಬೆಂಗಳೂರಿನಲ್ಲಿ ಕುಳಿತಿರುವ ಅಪ್ಪ ಅಮ್ಮಂದಿರೇ, ಸೈಟು ಮಾರುವ ಮೊದಲು ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಟ್ಟು ಕ್ಯಾಲೆಂಡರ್ ನೋಡಿ.