ಎಕ್ಸ್‌ಪೋರ್ಟ್ ರಾಯರು

ಚೆನ್ನೈ ಕನ್ನಡಿಗರ ಮದುವೆಯಲ್ಲಿ ಊಟಕ್ಕೆ ಕೂರುವ ಮೊದಲು ಪಕ್ಕದ ಎಲೆ ಯಾರದೆಂದು ನೋಡಿಕೊಳ್ಳುವುದು ಒಳ್ಳೆಯದು. ಎಕ್ಸ್‌ಪೋರ್ಟ್ ರಾಯರದಾದರೆ ಪಾಯಸ ಬರುವಷ್ಟರಲ್ಲಿ ನೀವು ನೈಜೀರಿಯಾ ದಾಟಿರುತ್ತೀರಿ. ಮೂಲ ಉಡುಪಿ ಕಡೆ. 1938ರಲ್ಲಿ ಕೆ. ಕೃಷ್ಣರಾಯರು ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲಕ್ಕೆ ಅಜ್ಜ ಮದರಾಸಿನ ರೈಲು ಹತ್ತಿದವರು. ಅಜ್ಜ ಇಡ್ಲಿ ಬಡಿಸಿದರು, ಅಪ್ಪ ಬ್ಯಾಂಕಿನಲ್ಲಿ ಲೆಕ್ಕ ಬರೆದರು. ರಾಯರು ಜಾರ್ಜ್‌ಟೌನಿನ ಅರ್ಮೇನಿಯನ್ ಸ್ಟ್ರೀಟಿನಲ್ಲಿ, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲ ಮೇಲಿನ ಆಫೀಸಿನಿಂದ ಕೈಮಗ್ಗದ ಬಟ್ಟೆಯನ್ನು ಆಫ್ರಿಕಕ್ಕೆ ಕಳಿಸುತ್ತಾರೆ.

ಪ್ಯಾರೀಸ್ ಕಾರ್ನರ್ ಸುತ್ತಮುತ್ತ ಇಂಥ ರಾಯರು ಬೇಕಾದಷ್ಟು ಮಂದಿ. ಪಾಸ್‌ಪೋರ್ಟಿನೊಳಗೆ ಹಳದಿ ಜ್ವರದ ಲಸಿಕೆ ಕಾರ್ಡು, ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಡಬ್ಬಿ, ಬಾಯಲ್ಲಿ ಎಲ್‌ಸಿ, ಬಿಎಲ್ಲು ಎಂಬ ರಫ್ತು ಕಾಗದಗಳ ಜಪ ಇದ್ದರೆ ಖಾತ್ರಿ. ಹೊರದೇಶಕ್ಕೆ ಮೊದಲ ಸಲ ಹೊರಟ ಹುಡುಗ ಕಣ್ಣಿಗೆ ಬಿದ್ದರೆ ಅವರಿಗೆ ಹಬ್ಬ. 'ಕ್ಯಾಟಲಾಗು ಆಮೇಲೆ ತೆಗಿ ಮಾರಾಯ. ಮೊದಲು ಗಿರಾಕಿಯ ಅಮ್ಮ ಹೇಗಿದ್ದಾರೆ ಕೇಳು, ಮಕ್ಕಳು ಎಷ್ಟನೇ ಕ್ಲಾಸು ಕೇಳು. ರೇಟಿನ ಮಾತು ಮೂರನೇ ದಿನ.' ನಮ್ಮಲ್ಲಿ ಗಂಡು ಹೆಣ್ಣಿನ ಸಂಬಂಧ ಕುದುರಿಸುವವರು ಮೊದಲಿಂದ ಮಾಡಿಕೊಂಡು ಬಂದದ್ದನ್ನೇ ರಾಯರು ಇಂಟರ್‌ನ್ಯಾಷನಲ್ ಬಿಸಿನೆಸ್ ಎನ್ನುತ್ತಾರೆ, ಅಷ್ಟೆ.

ಅವರ ಪ್ರವಚನದ ಮೊದಲ ಅಧ್ಯಾಯ 1958. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಕೃಷ್ಣನ್ ನಾಯರ್ ಆ ವರ್ಷ ವಿಲಿಯಂ ಜೇಕಬ್ಸನ್ ಎಂಬ ಅಮೆರಿಕದ ವ್ಯಾಪಾರಿಗೆ ಮದರಾಸಿನ ಚೌಕುಳಿ ಬಟ್ಟೆ ಮಾರಿದರು. ಬಣ್ಣ ಬಿಡುತ್ತದೆ, ತಣ್ಣೀರಲ್ಲಿ ಮೆಲ್ಲಗೆ ಒಗೆಯಬೇಕು ಎಂದು ಹೇಳಿಯೇ ಕೊಟ್ಟರು. ಬಟ್ಟೆ ಬ್ರೂಕ್ಸ್ ಬ್ರದರ್ಸ್ ಅಂಗಡಿ ತಲುಪಿತು, ಮಾತು ತಲುಪಲಿಲ್ಲ. ಗಿರಾಕಿಗಳು ಮೆಷಿನ್ನಿಗೆ ಹಾಕಿದರು, ಬಣ್ಣ ಹರಿಯಿತು, ರಂಪವಾಯಿತು. ಕೊನೆಗೆ 'ಸೆವೆಂಟೀನ್' ಪತ್ರಿಕೆಯಲ್ಲಿ ಇದು ಬಣ್ಣ ಬಿಡುವ ಪವಾಡದ ಬಟ್ಟೆ ಎಂದು ಅಚ್ಚಾದ ಮೇಲೆ ಅದಕ್ಕೇ ಜನ ಮುಗಿಬಿದ್ದರು. ಇದನ್ನು ಹೇಳುವಾಗ ರಾಯರ ಮುಖದಲ್ಲಿ, ಅಲ್ಲಿ ಬಣ್ಣ ಬಿಟ್ಟದ್ದು ತಮ್ಮದೇ ಪಂಚೆ ಎಂಬಂಥ ಹೆಮ್ಮೆ.

ಎರಡನೇ ಅಧ್ಯಾಯ ಕಲಬಾರಿಗಳದು. ನೈಜರ್ ನದಿ ಸಮುದ್ರ ಸೇರುವ ಕಡೆಯ ಈ ಜನ ತಲೆಮಾರುಗಳಿಂದ ಮದರಾಸು ಚೌಕುಳಿ ಉಡುತ್ತಾರೆ. ಅಪ್ಪಟವೋ ಅಲ್ಲವೋ ಎಂದು ಮೂಸಿ ನೋಡುತ್ತಾರೆ. ಆಮೇಲೆ ಅಲ್ಲಿನ ಹೆಂಗಸರು ಅಲಗು ಹಿಡಿದು ಕೂತು, ನೇಯ್ದ ಬಟ್ಟೆಯಿಂದ ಬೇಕಾದ ಎಳೆಗಳನ್ನೇ ಕತ್ತರಿಸಿ ಕಿತ್ತು ತಮ್ಮದೇ ಚಿತ್ತಾರ ತೆಗೆಯುತ್ತಾರೆ. ಚೀರಾಲದ ನೇಕಾರ ಕಣ್ಣು ಕೀಲಿಸಿ ಸೇರಿಸಿದ ಎಳೆಗಳು! ಮೊದಲ ಸಲ ಕಂಡಾಗ ರಾಯರ ಎದೆ ಧಸಕ್ಕೆಂದಿತಂತೆ. 'ಒಂದೆಳೆ ತಪ್ಪಿದರೆ ಬೇಲು ವಾಪಸ್ಸು. ತಾವೇ ಕಿತ್ತರೆ ಹಬ್ಬದುಡುಗೆ. ಹಾಗಾದರೆ ನಾವೇ ಕಿತ್ತು ಕಳಿಸೋಣ ಅಂತ ಬುದ್ಧಿ ಓಡಿಸಿದವನು ಪಾಪರ್ ಆಗ್ತಾನೆ, ತಿಳ್ಕೋ.' ಈ ಒಂದು ಮಾತಿಗಾಗಿ ನಾನು ಅವರ ಪಕ್ಕದ ಎಲೆಗೆ ಎರಡನೇ ಸಲವೂ ಕೂರಲು ತಯಾರು.

ರಾಯರ ತೊಂದರೆ ಬೇರೆ. ಒಂದು ದೇಶಕ್ಕೆ ಅವರ ಲೆಕ್ಕದಲ್ಲಿ ಒಬ್ಬನೇ ಮನುಷ್ಯ. 'ಕೀನ್ಯಾದವರು ಖಾರ ತಿನ್ನಲ್ಲ' ಎಂದರೆ ನೈರೋಬಿಯ ಗಿರಾಕಿಗೆ ಹೊಟ್ಟೆಹುಣ್ಣು ಎಂದರ್ಥ. 'ವಿಯೆಟ್ನಾಮಿನವರು ಮಾತಿಗೆ ತಪ್ಪಲ್ಲ' ಎಂಬುದಕ್ಕೆ ಒಬ್ಬಾಕೆ ಸಮಯಕ್ಕೆ ದುಡ್ಡು ಕಳಿಸಿದ್ದೇ ಸಾಕ್ಷಿ. ಅವರ ಭೂಪಟದ ಜನರನ್ನೆಲ್ಲ ಸೇರಿಸಿದರೂ ಒಂದು ಸಿಟಿ ಬಸ್ಸು ತುಂಬಲಾರದು.

ಕಲಿತದ್ದನ್ನು ಎಲ್ಲಿ ಬಿಡಬೇಕೆಂಬುದೂ ತಿಳಿಯದು. ಶ್ರೀಪೆರಂಬುದೂರು ಕಡೆ ಹ್ಯುಂಡೈ ಬಂದ ಮೇಲೆ ಊರಲ್ಲಿ ಕೊರಿಯನ್ನರು ಹೆಚ್ಚಿದರಲ್ಲ, ಅವರಿಂದ ಕಾರ್ಡನ್ನು ಎರಡೂ ಕೈಯಲ್ಲಿ ಕೊಡುವುದನ್ನು ಕಲಿತರು. ಈಗ ಆಟೋದವನಿಗೆ ನೂರರ ನೋಟನ್ನೂ ಬಾಗಿ ಎರಡು ಕೈಯಲ್ಲಿ ನೀಡುತ್ತಾರೆ. ಅವನು ನೋಟು ಹರಿದಿದೆಯೇನೋ ಎಂದು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾನೆ. ಇಥಿಯೋಪಿಯದಲ್ಲಿ ಕಾಫಿ ಮೂರು ಸುತ್ತು ಬರುತ್ತದೆ, ಕೊನೆಯದು ಆಶೀರ್ವಾದದ್ದು, ಬಿಟ್ಟು ಏಳಬಾರದು. ಫಿಲ್ಟರ್ ಕಾಫಿಯ ವಂಶದ ರಾಯರು ಅಲ್ಲಿ ಸಿನಿ ಎಂಬ ಪುಟ್ಟ ಬಟ್ಟಲಲ್ಲಿ ಹಾಲಿಲ್ಲದ ಕಾಫಿಯನ್ನು ಮೂರು ಸಲ ನುಂಗಿ ಬಂದರು. ಬಂದದ್ದೇ ಮನೆಯಲ್ಲೂ ಮೂರನೇ ಲೋಟಕ್ಕೆ ಕಾದು ಕೂತರು. 'ಆಶೀರ್ವಾದ ಬೇಕಾದ್ರೆ ಮಠಕ್ಕೆ ಹೋಗಿ, ಡಿಕಾಕ್ಷನ್ ಮುಗೀತು' ಎಂದರು ಮನೆಯವರು.

ಅತ್ತ ಲಾಗೋಸಿನ ಗಿರಾಕಿಯೂ ಸುಮ್ಮನೆ ಕೂತಿಲ್ಲ. ಅವನ ಪಾಲಿಗೆ ಇಂಡಿಯಾ ಎಂದರೆ ರಾಯರು. ಇಂಡಿಯಾದವರು ಏಳಕ್ಕೆ ಉಂಡು ಮಲಗುತ್ತಾರೆ, ಹೌದಕ್ಕೂ ಅಲ್ಲಕ್ಕೂ ಒಂದೇ ಥರ ತಲೆಯಾಡಿಸುತ್ತಾರೆ, ರಾಹುಕಾಲದಲ್ಲಿ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಅವನೂ ತನ್ನ ಹುಡುಗರಿಗೆ ಪಾಠ ಹೇಳುತ್ತಿದ್ದಾನೆ. ರಾಯರ ಮರ್ಯಾದೆಗೆಂದು ಪಾಲಿಸಲು ಶುರು ಮಾಡಿದ ರಾಹುಕಾಲ ಈಗ ಅವನಿಗೇ ಅಂಟಿದೆ. ಆದರೆ ಲಾಗೋಸ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಯರು ಫೋನೆತ್ತುವುದಿಲ್ಲ. ಅವನು ತನ್ನ ಗಡಿಯಾರದ ಹತ್ತೂವರೆಗೆ ಫೋನಿಡುತ್ತಾನೆ. ಆಗ ಅರ್ಮೇನಿಯನ್ ಸ್ಟ್ರೀಟಿನಲ್ಲಿ ಮೂರು ಗಂಟೆ; ನಾಲ್ಕೂವರೆಯವರೆಗೆ ಆ ಕಡೆಯಿಂದ ಚಕಾರವಿಲ್ಲ. ಬ್ಯಾಂಕಿನ ಹೊತ್ತು ಮುಗಿಯುತ್ತದೆ, ವಾರವೂ ಮುಗಿಯುತ್ತದೆ.

ಒಂದು ಮಾತು ಹೇಳಿ ಬಿಡಿಸಬಾರದೇ ಎಂದು ಕೇಳಿದರೆ ರಾಯರು ಕಿವಿ ಮುಚ್ಚಿಕೊಂಡರು.

'ಛೆ ಛೆ, ಅದು ಅವರ ನಂಬಿಕೆ ಮಾರಾಯ. ನಾವು ಗೌರವಿಸಬೇಕು.'