ಎಲ್ಲಾ ಪ್ಲಾನ್ ಪ್ರಕಾರವೇ

ಪ್ರತಿ ಬಂಧುಬಳಗದಲ್ಲೂ ಟೂರು ಹಾಕುವವರು ಒಬ್ಬರು ಇದ್ದೇ ಇರುತ್ತಾರೆ. ಧರ್ಮಸ್ಥಳವಾಗಲಿ, ರೋಮ್ ಆಗಲಿ, ಅವರ ಕೈಯಲ್ಲೊಂದು ಪಟ್ಟಿ. ಎಷ್ಟಕ್ಕೆ ಏಳಬೇಕು, ಎಲ್ಲಿ ಕಾಫಿ, ಯಾವ ಸ್ಟೇಷನ್ನಿನಲ್ಲಿ ಶೌಚಕ್ಕೆ ದುಡ್ಡು, ಎಲ್ಲಿ ಪುಕ್ಕಟೆ, ಎಲ್ಲವೂ ಅದರಲ್ಲಿ ನಮೂದು. ದಾರಿ ಕೇಳುವುದು ಅವರ ಜಾತಕದಲ್ಲೇ ಇಲ್ಲ. ಯಾರಾದರೂ ತಾವಾಗಿ ಹೇಳಲು ಬಂದರೆ "ಗೊತ್ತು, ಗೊತ್ತು" ಎಂದು ಅಂಗೈ ಎತ್ತಿ ತಡೆಯುತ್ತಾರೆ. ನಮ್ಮ ಬಳಗದಲ್ಲಿ ಆ ಹುದ್ದೆ ನನ್ನ ಅಕ್ಕನ ಗಂಡನದು.

ಬ್ಯಾಂಕಿನಿಂದ ನಿವೃತ್ತರಾದದ್ದೇ ತಡ, ಭಾವ ಬೆನ್ನಿಗೆ ಚೀಲ ಏರಿಸಿ ಯುರೋಪು ಸುತ್ತುವ ಹಠ ಹಿಡಿದರು, ಅಕ್ಕನೂ ನಾನೂ ಜೊತೆಗೆ ಹೊರಟೆವು. ಪ್ಯಾಕೇಜ್ ಟೂರಿನವರನ್ನು ಕಂಡರೆ ಅವರಿಗಾಗದು. ಚೀಲದಲ್ಲಿ ಪುಳಿಯೋಗರೆ ಗೊಜ್ಜು, ಕೊಡುಬಳೆ, ಹುರಿದ ಅವಲಕ್ಕಿ, ಕರೆಂಟಿನ ಕೆಟಲ್ಲು. ರೈಲು ಪಾಸಿನ ಚರಿತ್ರೆ ಅವರಿಗೆ ಬಾಯಿಪಾಠ. ಹೊರದೇಶದವರಿಗಾಗಿ 1959ರಲ್ಲಿ ಯುರೇಲ್ ಪಾಸು ಬಂದದ್ದು, 1972ರಲ್ಲಿ ಅಲ್ಲಿನ 21 ವರ್ಷದೊಳಗಿನ ಹುಡುಗರಿಗೆಂದು ಇಂಟರ್‌ರೇಲ್ ಶುರುವಾದದ್ದು, ಇವನ್ನೆಲ್ಲ ಎದುರು ಸೀಟಿನ ಯುರೋಪಿನ ಹುಡುಗರಿಗೇ ಬೋಧಿಸುತ್ತಿದ್ದರು, ಅವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವವರೆಗೆ. ಯೂರೋವನ್ನು ರೂಪಾಯಿಗಿಳಿಸಿ ಹೊಟ್ಟೆ ಉರಿಸಿಕೊಳ್ಳುವ ಚಟದ ಮಾತು ಬಿಡಿ, ಅದು ನನಗೂ ಇದೆ.

ರೋಮಿನಿಂದ ಸಿಸಿಲಿಗೆ ರಾತ್ರಿ ರೈಲು. ಇಟಲಿಯ ಬೂಟಿನ ತುದಿಯಲ್ಲಿ ವಿಲ್ಲಾ ಸಾನ್ ಜೊವಾನ್ನಿ ಎಂಬ ಊರಿದೆ. ಅಲ್ಲಿಗೆ ನೆಲ ಮುಗಿದು ಮೆಸ್ಸೀನಾ ಜಲಸಂಧಿ ಎದುರಾಗುತ್ತದೆ. ತೀರಾ ಕಿರಿದಾದ ಕಡೆ ಅದರ ಅಗಲ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಸೇತುವೆಯ ಮಾತು ದಶಕಗಳಿಂದ ನಡೆದಿದೆ, ಸೇತುವೆ ಬಂದಿಲ್ಲ. ಹಾಗಾಗಿ ರೈಲನ್ನೇ ತುಂಡು ಮಾಡಿ ಹಡಗಿನೊಳಗಿನ ಹಳಿಗಳ ಮೇಲೆ ಪಕ್ಕಪಕ್ಕ ನಿಲ್ಲಿಸಿ ದಾಟಿಸುತ್ತಾರೆ. ಆಚೆ ದಡದಲ್ಲಿ ಒಂದು ಭಾಗ ಪಲೆರ್ಮೋಗೆ, ಇನ್ನೊಂದು, ಅಂದರೆ ನಮ್ಮದು, ಕತಾನಿಯಾ ದಾಟಿ ಸಿರಕೂಸಾಗೆ. "ನಮ್ಮ ಬೆಂಗಳೂರಿನ ಕಾರವಾರ-ಕಣ್ಣೂರು ರೈಲು ಮಂಗಳೂರಲ್ಲಿ ಎರಡಾಗ್ತಿತ್ತಲ್ಲ, ಹಾಗೇ" ಎಂದು ಭಾವ ಹಿಂದಿನ ರಾತ್ರಿಯೇ ನಮಗೆ ಪಾಠ ಮಾಡಿದ್ದರು.

ಬೆಳಗಿನ ಹೊತ್ತು ಕಿಟಕಿಯಾಚೆ ಕಬ್ಬಿಣದ ಗೋಡೆ ಬಂದು ನಿಂತಿತು. ಭಾವ ಹವಾಯಿ ಚಪ್ಪಲಿ ಮೆಟ್ಟಿ ಮೇಲಕ್ಕೆ ಹೊರಟರು. ಹಡಗಿನ ಕ್ಯಾಂಟೀನಿನಲ್ಲಿ ಅರಂಚೀನಿ ಸಿಗುತ್ತದೆ. ಅನ್ನದ ಉಂಡೆಯೊಳಗೆ ಹೂರಣ ತುಂಬಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಹೂರಣ ಹೆಚ್ಚಾಗಿ ಮಾಂಸದ್ದು, ಪಾಲಕ್ ಸೊಪ್ಪಿನದೂ ಉಂಟೆಂದು ಪಟ್ಟಿ ಹೇಳುತ್ತಿತ್ತು.

"ಬೇಡಾರೀ, ಹಡಗು ಹೊರಟುಬಿಟ್ರೆ?" ಎಂದಳು ಅಕ್ಕ.

"ಹೊರಟ್ರೆ ಎಲ್ಲಿಗೆ ಹೋಗತ್ತೆ? ನಾನೂ ಅದರಲ್ಲೇ ಇರ್ತೀನಲ್ಲೇ!"

ತರ್ಕದಲ್ಲಿ ಲೋಪವಿರಲಿಲ್ಲ. ಎಡವಟ್ಟಾದದ್ದು ಕೆಳಗಿಳಿದಾಗ. ಎಲ್ಲ ಹಳಿಗಳ ಮೇಲೂ ಒಂದೇ ಬಣ್ಣದ ಬೋಗಿ, ಒಂದೇ ಬಗೆಯ ಬಾಗಿಲು. ಊರಿನ ಹೆಸರು ಬರೆದಿತ್ತು ನಿಜ, ಓದುವ ಕನ್ನಡಕ ನಮ್ಮ ಹತ್ತಿರವಿತ್ತು. ಅಲ್ಲಿದ್ದ ಕೆಲಸಗಾರನೊಬ್ಬ ಕೈ ಬೀಸಿ ಏನೋ ಹೇಳಿದನಂತೆ. ಭಾವ ಅಚ್ಚಕನ್ನಡದಲ್ಲಿ "ಗೊತ್ತು, ಗೊತ್ತು" ಎಂದು ಹತ್ತಿದರು. ಮೆಸ್ಸೀನಾದಿಂದ ಅವರು ಪಲೆರ್ಮೋ ದಿಕ್ಕಿಗೆ, ನಾವು ಸಿರಕೂಸಾ ದಿಕ್ಕಿಗೆ.

ಮೂವರ ಪಾಸು, ಸೀಟಿನ ರಿಸರ್ವೇಶನ್ನು ಎಲ್ಲವೂ ಅವರ ಫೋನಿನಲ್ಲಿ. "ನಿಮ್ಮ ಕೈಗೆ ಕೊಟ್ರೆ ಕಳೆದುಹಾಕ್ತೀರಿ" ಎಂಬ ಕಾರಣಕ್ಕೆ. ನಮ್ಮ ಬಳಿ ಉಳಿದದ್ದು ಅವರ ಚೀಲ ಮತ್ತು ಬೂಟು. ಅಷ್ಟರಲ್ಲಿ ಟಿಕೆಟ್ ನೋಡುವ ಹೆಂಗಸು ಬಂದರು. ನನ್ನ ಇಟಾಲಿಯನ್ ವಂದನಾರ್ಪಣೆಯಿಂದ ಮುಂದೆ ಹೋಗುವುದಿಲ್ಲ. "ಪಲೆರ್ಮೋ, ಪಲೆರ್ಮೋ" ಎಂದು ಕಿಟಕಿಯತ್ತ ಕೈಮಾಡಿದೆ. ಅಕ್ಕ ಸಾಕ್ಷಿಗಾಗಿ ಒಂದೊಂದು ಕೈಯಲ್ಲಿ ಒಂದೊಂದು ಬೂಟು ಎತ್ತಿ ತೋರಿಸಿದಳು. ಆಕೆ ಬೂಟು ನೋಡಿ, ಅಕ್ಕನ ಮುಖ ನೋಡಿ, "ಮರೀತೋ?" ಎಂದರು.

"ಮರೀಲಿಲ್ಲ ಕಣಮ್ಮಾ, ಅವರೇ ಹೋದ್ರು!" ಎಂದು ಅಕ್ಕ ಅತ್ತೇಬಿಟ್ಟಳು. ಆಕೆ ಕೇಳಿದ್ದು "ಗಂಡನೋ?" ಎಂದು. ಅದು ನಮಗೆ ಗೊತ್ತಾದದ್ದು ಸಂಜೆಗೆ.

ಅಷ್ಟರಲ್ಲಿ ಭಾವನ ಫೋನು. "ಗಾಬರಿ ಆಗ್ಬೇಡಿ. ನೀವು ತಪ್ಪು ರೈಲಿನಲ್ಲಿದ್ದೀರಿ."

ಪಾಸಿನ ಚಿತ್ರಗಳು ವಾಟ್ಸಾಪಿನಲ್ಲಿ ಬಂದವು. ಆಕೆ ಅವನ್ನು ನೋಡಿ, ಅಕ್ಕನ ಭುಜ ತಟ್ಟಿ, ದಂಡ ಹಾಕದೆ ಮುಂದೆ ಹೋದರು. ಭಾವ ಮಿಲಾತ್ಸೋದಲ್ಲಿ ಇಳಿದು, ಮೆಸ್ಸೀನಾಗೆ ವಾಪಸ್ಸಾಗಿ, ಬೇರೆ ರೈಲು ಹಿಡಿದು ಮಧ್ಯಾಹ್ನದ ಬಿಸಿಲಿಗೆ ಸಿರಕೂಸಾ ಸ್ಟೇಷನ್ನಿಗೆ ಅದೇ ಹವಾಯಿ ಚಪ್ಪಲಿಯಲ್ಲಿ ಬಂದಿಳಿದರು. ಕೈಯಲ್ಲಿ ಎಣ್ಣೆ ಬಿಟ್ಟ ಕಾಗದದ ಪೊಟ್ಟಣ, ಅದರಲ್ಲಿ ಅಕ್ಕನಿಗೆಂದು ಉಳಿಸಿದ ತಣ್ಣನೆಯ ಅರಂಚೀನಿ. ಅವಳು ಅರ್ಧ ಗಂಟೆ ಮಾತಾಡಲಿಲ್ಲ, ಆದರೆ ತಿಂದಳು. "ಲಿಪಾರಿ ದ್ವೀಪಗಳಿಗೆ ದೋಣಿ ಹೊರಡೋದು ಮಿಲಾತ್ಸೋದಿಂದಲೇ, ನೋಡಲೇಬೇಕಾದ ಬಂದರು" ಎಂದರು ಭಾವ. ರಾತ್ರಿ ಪಟ್ಟಿ ತೆರೆದು "ಮಿಲಾತ್ಸೋ" ಎಂದು ಸೇರಿಸಿ, ಪಕ್ಕದಲ್ಲಿ ಟಿಕ್ ಹಾಕಿದ್ದನ್ನು ನಾನೇ ಕಂಡೆ.

ಆ ಪಟ್ಟಿಯ ಹುಟ್ಟು ಎಲ್ಲೆಂದು ಅಕ್ಕ ಹೇಳಿದಳು. ಮದುವೆಯಾದ ಹೊಸತರಲ್ಲಿ ಭಾವ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಥಾಮಸ್ ಕುಕ್ ಅವರ ಯುರೋಪಿನ ರೈಲು ವೇಳಾಪಟ್ಟಿ ಕೊಂಡಿದ್ದರಂತೆ. ಬ್ಯಾಂಕಿನಿಂದ ಬಂದು ಉಂಡಾದ ಮೇಲೆ ಪೆನ್ಸಿಲ್ ಹಿಡಿದು ಅದರ ಮುಂದೆ ಕೂರುವುದು. ತಂಗಿಯರ ಮದುವೆ, ತಾಯಿಯ ಕಾಯಿಲೆ, ಮಕ್ಕಳ ಫೀಜು. ಪ್ರತಿ ಸಲವೂ ರಜೆ ರದ್ದು. ಜರ್ಮನಿಯ ಪುಟ್‌ಗಾರ್ಡನ್‌ನಿಂದ ಡೆನ್ಮಾರ್ಕಿಗೆ ರೈಲು ಹೊತ್ತೊಯ್ಯುವ ಹಡಗಿನ ಸಮಯಕ್ಕೆ ಎರಡು ಗೆರೆ ಎಳೆದಿದ್ದರು. ಅದರಲ್ಲಿ ರೈಲು ದಾಟುವುದು 2019ರ ಡಿಸೆಂಬರಿನಲ್ಲಿ ನಿಂತುಹೋಯಿತು. ಪೆನ್ಸಿಲಿನಲ್ಲಿ ಅಷ್ಟು ವರ್ಷ ಸುತ್ತಿದವರು ಕೆಲಸಗಾರನ ಕೈಸನ್ನೆಗೆ "ಗೊತ್ತು" ಎನ್ನದೆ ಇನ್ನೇನೆಂದಾರು?

ಹಾಗೆಂದು ನನ್ನ ಸಿಟ್ಟು ಪೂರ್ತಿ ಇಳಿದಿದೆ ಎಂದಲ್ಲ. ಮುಂದಿನ ಬೇಸಿಗೆಗೆ ನಾರ್ವೆಯ ಪಟ್ಟಿ ತಯಾರಾಗಿದೆ, ಕರೆದಿದ್ದಾರೆ, ನಾನೂ ಹೋಗುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಭಾವ ಇದ್ದರೆ ಧಾರಾಳವಾಗಿ ಜೊತೆಗೆ ಹೊರಡಿ. ಪಾಸು ಮಾತ್ರ ನಿಮ್ಮ ಫೋನಿಗೂ ಹಾಕಿಸಿಕೊಳ್ಳಿ, ಕನ್ನಡಕವನ್ನು ದಾರ ಕಟ್ಟಿ ಅವರ ಕೊರಳಿಗೇ ಹಾಕಿ.