ಹೊಲ ಯಾರದೋ, ಪುಣ್ಯ ಯಾರದೋ

ಕ್ರಿ.ಶ. 814ರಲ್ಲಿ ಜಗತ್ತಿಗೆ ಇಬ್ಬರು ಧರ್ಮಿಷ್ಠ ದೊರೆಗಳು ಒಟ್ಟೊಟ್ಟಿಗೇ ಸಿಕ್ಕರು. ಅತ್ತ ಯುರೋಪಿನಲ್ಲಿ ಫ್ರಾಂಕರ ದೊರೆ ಷಾರ್ಲ್‌ಮೇನ್ ತೀರಿಕೊಂಡು ಮಗ ಲೂಯಿ ಬಂದ; ಇತ್ತ ರಾಷ್ಟ್ರಕೂಟರ ಮೂರನೆಯ ಗೋವಿಂದ ತೀರಿಕೊಂಡು ಇನ್ನೂ ಹುಡುಗನಾಗಿದ್ದ ಅಮೋಘವರ್ಷ ಬಂದ. ಲೂಯಿಗೆ ‘ದೈವಭಕ್ತ’ ಎಂಬ ಬಿರುದು. ಈ ಭಕ್ತ ದಂಗೆಯೆದ್ದ ಅಣ್ಣನ ಮಗನ ಕಣ್ಣು ಕೀಳಿಸಿದ, ಹುಡುಗ ಸತ್ತ. 822ರಲ್ಲಿ ತುಂಬಿದ ಸಭೆಯಲ್ಲಿ ನಿಂತು ಪ್ರಾಯಶ್ಚಿತ್ತ ಮಾಡಿಕೊಂಡ. ಬಿಷಪ್ಪರಿಗೆ ರುಚಿ ಹತ್ತಿತು. 833ರಲ್ಲಿ ಅವನ ಮಕ್ಕಳೊಂದಿಗೆ ಸೇರಿ ಅವನ ಕತ್ತಿ ಬಿಚ್ಚಿಸಿ, ಪಾಪಿಯ ಬಟ್ಟೆ ತೊಡಿಸಿದರು. ಮರುವರ್ಷ ಗಾಳಿ ತಿರುಗಿತು, ದೊರೆಯ ಪಾಪವೂ ಕಳೆಯಿತು.

ಅಮೋಘವರ್ಷ ನಾಡಿನ ಸಂಕಟ ಕಳೆಯಲೆಂದು ಮಹಾಲಕ್ಷ್ಮಿಗೆ ತನ್ನ ಎಡಗೈಯ ಬೆರಳನ್ನೇ ಕತ್ತರಿಸಿ ಕೊಟ್ಟನೆಂದು 871ರ ಸಂಜಾನ ತಾಮ್ರಪಟ ಹೇಳುತ್ತದೆ. ದಾನದಲ್ಲಿ ಸ್ವಂತದ್ದನ್ನು ಕೊಟ್ಟ ದೊರೆ ಎಂದು ನನಗೆ ನೆನಪಾಗುವವನು ಇವನೊಬ್ಬನೇ. ಮಿಕ್ಕವರು ಕೊಟ್ಟದ್ದು ಊರವರ ಹೊಲ.

ನಮ್ಮ ಸವದತ್ತಿಯನ್ನೇ ನೋಡಿ. ಆಗ ಅದು ಸುಗಂಧವರ್ತಿ. ರಾಷ್ಟ್ರಕೂಟರ ಸಾಮಂತ, ರಟ್ಟರ ಪೃಥ್ವೀರಾಮ ಅಲ್ಲಿ ಬಸದಿ ಕಟ್ಟಿಸಿ ಭೂಮಿ ಬಿಟ್ಟ. ಗುರುವಿಗೆ ಹೊಲ ಬಂತು, ದೊರೆಗೆ ಪುಣ್ಯ ಬಂತು, ಉಳುವವನಿಗೆ ಹೊಸ ಧಣಿ ಬಂದ. ಮುಂದೆ ಇದೇ ರಟ್ಟರಿಗೆ ಮುನಿಚಂದ್ರರೆಂಬ ರಾಜಗುರು. ಶಾಸ್ತ್ರವೂ ಅವರದೇ, ಶಸ್ತ್ರವಿದ್ಯೆಯೂ ಅವರದೇ. ಅಹಿಂಸೆಗೆ ಅಂದು ರಜೆ ಇದ್ದಿರಬೇಕು.

ನಮ್ಮ ದಾನಶಾಸನಗಳು ಎಲ್ಲೆಕಟ್ಟು ಬರೆಯುವುದರಲ್ಲಿ ಬಲು ಚೊಕ್ಕ. ಮೂಡಲಿಗೆ ಹುಣಸೆಮರ, ತೆಂಕಲಿಗೆ ಹಳ್ಳ, ಬಡಗಲಿಗೆ ನಟ್ಟ ಕಲ್ಲು. ಮರಕ್ಕೂ ಕಲ್ಲಿಗೂ ಜಾಗ ಸಿಕ್ಕಿತು, ನೇಗಿಲು ಹಿಡಿದವನ ಹೆಸರಿಗೆ ಮಾತ್ರ ಕಲ್ಲು ಸಾಲಲಿಲ್ಲ. ಈ ವಿಷಯದಲ್ಲಿ ಫ್ರಾಂಕರೇ ವಾಸಿ. ಪ್ಯಾರಿಸ್ಸಿನ ಸೇಂಟ್ ಜರ್ಮೇನ್ ಮಠದವರು ಒಂಬತ್ತನೆಯ ಶತಮಾನದಲ್ಲೇ ತಮ್ಮ ಒಕ್ಕಲುಗಳ ಹೆಸರು, ಹೆಂಡತಿ, ಮಕ್ಕಳು ಎಲ್ಲವನ್ನೂ ಬರೆದಿಟ್ಟರು. ಪ್ರೀತಿಗಲ್ಲ ಬಿಡಿ, ಯಾರ ಮನೆಯಿಂದ ಎಷ್ಟು ಕೋಳಿ, ಎಷ್ಟು ಮೊಟ್ಟೆ ಬರಬೇಕೆಂಬ ಲೆಕ್ಕಕ್ಕೆ.

ದಾನಕ್ಕೆ ಕಾವಲು? ಶಾಪ. ದತ್ತಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗುತ್ತಾನೆ ಎಂದು ನಮ್ಮ ಕಲ್ಲು. ಯೇಸುವನ್ನು ಹಿಡಿದುಕೊಟ್ಟ ಯೂದನಿಗಾದ ಗತಿ ಆಗಲಿ ಎಂದು ಫ್ರಾಂಕರ ಚರ್ಮದ ಹಾಳೆ. ಷಾರ್ಲ್‌ಮೇನನ ಅಜ್ಜ ಚಾರ್ಲ್ಸ್ ಮಾರ್ಟೆಲ್ ಚರ್ಚಿನ ಭೂಮಿ ಕಿತ್ತು ಸೈನಿಕರಿಗೆ ಹಂಚಿದ್ದ. 858ರಲ್ಲಿ ಬಿಷಪ್ಪರು ಅವನ ಮರಿಮಗನ ಮಗನಿಗೇ ಪತ್ರ ಬರೆದರು: ನಿಮ್ಮ ಹಿರಿಯರು ನರಕದಲ್ಲಿದ್ದಾರೆ, ಗೋರಿ ತೆರೆದಾಗ ಘಟಸರ್ಪ ಹಾರಿತಂತೆ, ಒಳಗೆಲ್ಲ ಮಸಿಯಂತೆ. ದಾಯಾದಿಗಳ ದಾವೆಯಲ್ಲೂ ಇಂಥ ಸಾಕ್ಷಿ ನಾನು ಕೇಳಿಲ್ಲ.

ಈ ಶಾಪಕ್ಕೆ ಅಂಜದವರು ಕೊನೆಗೂ ಬಂದರು, ಕಂಪನಿ ಸರ್ಕಾರದವರು. 1852ರ ಇನಾಮು ಕಮಿಷನ್ ಮುಂಬೈ ಇಲಾಖೆಯ ಇನಾಮುದಾರರ ಮುಂದೆ ಕೂತು ಕಾಗದ ತೋರಿಸಿ ಎಂದಿತು. ಹುಳುವಾಗುವ ಮಾತಿಗೆ ಕಮಿಷನ್ನಿನಲ್ಲಿ ಕಾಲಮ್ಮೇ ಇರಲಿಲ್ಲ.

ಸಂಗೊಳ್ಳಿಗೆ ಈ ಪಾಠ ಮೊದಲೇ ಆಗಿತ್ತು. ರಾಯಣ್ಣನ ಮನೆತನದ್ದು ರಕ್ತಮಾನ್ಯದ ಹೊಲ, ಕಿತ್ತೂರಿಗಾಗಿ ನೆತ್ತರು ಸುರಿಸಿದ್ದಕ್ಕೆ ಬಂದದ್ದು. ಕಿತ್ತೂರು ಬಿದ್ದ ಮೇಲೆ ಕಂಪನಿ ಅದನ್ನು ಕಸಿದು, ಉಳಿದದ್ದಕ್ಕೆ ಕಂದಾಯ ಜಡಿಯಿತು. ರಾಯಣ್ಣ ತಾಮ್ರಪಟ ಹುಡುಕುತ್ತ ಕೂರಲಿಲ್ಲ. ಕಚೇರಿಗೆ ಬೆಂಕಿ ಇಟ್ಟು ದಫ್ತರ ಸುಟ್ಟ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಿಡಿದುಕೊಟ್ಟವರಿಗೆ ಬಹುಮಾನ ಸಿಕ್ಕಿತು.

ಜನವರಿಯ ಸಂಗೊಳ್ಳಿ ಉತ್ಸವಕ್ಕೆ ಬರುವ ಮಂತ್ರಿ ಮಹೋದಯರಲ್ಲಿ ಒಂದು ವಿನಂತಿ. ಖಡ್ಗ ಎತ್ತಿ ಹಿಡಿದ ಫೋಟೊ ಆಗಲಿ, ಎಡಬಲಕ್ಕೆ ಕೂತ ಸ್ವಾಮಿಗಳಿಗೆ ನಮಸ್ಕಾರವೂ ಆಗಲಿ. ಆಮೇಲೆ ಯಾವ ಪೀಠಕ್ಕಾದರೂ ಎಕರೆಗಟ್ಟಲೆ ಘೋಷಿಸುವುದಿದ್ದರೆ, ಆ ಹೊಲ ಉಳುತ್ತಿದ್ದವನ ಹೆಸರನ್ನೂ ಒಮ್ಮೆ ಮೈಕಿನಲ್ಲಿ ಓದಿಬಿಡಿ.